ಕಾರಿನ ಬ್ಲೋವರ್ (ಒಳಗೆ ಗಾಳಿ ಬೀಸುವ ಫ್ಯಾನ್) 4ರಲ್ಲಿ ಮಾತ್ರ ತಿರುಗುತ್ತದೆ, ಹೀಟರ್‌ನಲ್ಲಿ ಬಿಸಿಯೇ ಇಲ್ಲ, ಮಳೆಯಲ್ಲಿ ಗಾಜು ಬೆಳ್ಳಗಾಗುತ್ತದೆ. ಏನು ಮಾಡಲಿ?

ಗಾಳಿಬೀಡು_ಟೀಚರ್ · ಜುಲೈ 6

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಕಾರು ಓಡಿಸಲು ಚೆನ್ನಾಗಿ ಬರುತ್ತದೆ, ಒಳಗೆ ಏನಿದೆ ಅಂತ ಗೊತ್ತಿಲ್ಲ. ಹಾಗಾಗಿ ನನಗೆ ಕಂಡದ್ದನ್ನೆಲ್ಲ ಬರೆಯುತ್ತೇನೆ. ಯಾವುದು ಮುಖ್ಯ ಅಂತ ನೀವೇ ನೋಡಿಕೊಳ್ಳಿ.

ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎರಡು ವರ್ಷದ ಹಿಂದೆ ಬಳ್ಳಾರಿಯ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈಗ 81,000 ಕಿ.ಮೀ. ಆಗಿದೆ. ಏಸಿ ತಣ್ಣಗೆ ಬರುತ್ತದೆ. ಗುಂಡಿ ಕೈಯಲ್ಲಿ ತಿರುಗಿಸುವಂಥದ್ದು, ಆಟೋಮ್ಯಾಟಿಕ್ ಅಲ್ಲ.

ಮೊದಲನೆಯದು ಬ್ಲೋವರ್. ಮೇ ತಿಂಗಳಿಂದ 1, 2, 3ರಲ್ಲಿ ಇಟ್ಟರೆ ಸದ್ದೇ ಇಲ್ಲ. 4ಕ್ಕೆ ತಿರುಗಿಸಿದ ಕೂಡಲೇ ಜೋರಾಗಿ ಬರುತ್ತದೆ. ಹೀಗಾಗುವ ಮುಂಚೆ ಎರಡು ದಿನ ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಬಂದಿತ್ತು. ಹೊರಗಿನಿಂದ ಬಂದಿರಬೇಕು ಅಂದುಕೊಂಡೆ.

ಎರಡನೆಯದು ಹೀಟರ್. ಗುಂಡಿಯನ್ನು ಪೂರ್ತಿ ಕೆಂಪಿಗೆ ತಿರುಗಿಸಿ ಅರ್ಧ ಗಂಟೆ ಓಡಿಸಿದರೂ ಹೊರಗಿನ ಗಾಳಿ ಹೇಗಿದೆಯೋ ಹಾಗೇ ಬರುತ್ತದೆ. ಕಾರು ತಂದಾಗಿನಿಂದ ಹೀಗೇ ಇದೆ. ಹಳೆ ಕಾರಿಗೆ ಇಷ್ಟೇ ಇರಬೇಕು ಅಂತ ಸುಮ್ಮನಿದ್ದೆ. ಇನ್ನೊಂದು ವಿಷಯ, ಸಂಪಾಜೆ ಘಾಟಿ ಇಳಿಯುವಾಗ ಟೆಂಪರೇಚರ್ ಮುಳ್ಳು ಪೂರ್ತಿ ಕೆಳಗೆ ಬಂದುಬಿಡುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.

ಈಗ ಬರೆಯಲು ಕಾರಣ ಅಮ್ಮ. ಅವರಿಗೆ 71 ವರ್ಷ. ತಿಂಗಳಿಗೆ ಎರಡು ಸಲ ಚಿಕಿತ್ಸೆಗೆ ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಬೆಳಗ್ಗೆ ಐದಕ್ಕೇ ಹೊರಡುತ್ತೇವೆ. ಕಳೆದ ಮಂಗಳವಾರ ಕೊಯನಾಡು ತಲುಪುವ ಮುಂಚೆ ಮುಂದಿನ ಗಾಜು ಒಂದೇ ಸಲಕ್ಕೆ ಬೆಳ್ಳಗಾಯಿತು. ವೈಪರ್ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಅಮ್ಮ ಸೆರಗಿನಿಂದ ಒರೆಸುತ್ತಿದ್ದರು, ಒರೆಸಿದ ಜಾಗದಲ್ಲೇ ಮತ್ತೆ ಕಟ್ಟುತ್ತಿತ್ತು. ಎದುರಿಂದ ಬಸ್ಸಿನ ಲೈಟು ಬಿತ್ತು. ರಸ್ತೆಯ ಅಂಚು ಎಲ್ಲಿದೆ ಅಂತಲೇ ಕಾಣಲಿಲ್ಲ. ಹೇಗೋ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಕೂತೆವು. ಆಮೇಲೆ ಏಸಿ ಹಾಕಿ, ಬ್ಲೋವರ್ 4ರಲ್ಲಿಟ್ಟು ಹೊರಟೆವು. ಗಾಜು ಬಿಟ್ಟಿತು, ಆದರೆ ಅಮ್ಮ ಸುಳ್ಯದವರೆಗೂ ನಡುಗುತ್ತಾ ಕೂತಿದ್ದರು.

ಇಲ್ಲಿನ ಒಂದು ಗ್ಯಾರೇಜ್‌ನಲ್ಲಿ ತೋರಿಸಿದೆ. "ಹೀಟರ್ ಯಾರು ಬಳಸುತ್ತಾರೆ ಮೇಡಂ? ಪೂರ್ತಿ ಯೂನಿಟ್ ಬದಲಿಸಬೇಕು, 18,000 ಆಗುತ್ತದೆ" ಅಂದರು. ಏನು ಕೆಟ್ಟಿದೆ ಅಂತ ಮಾತ್ರ ಹೇಳಲಿಲ್ಲ. ಕೆಟ್ಟಿರುವುದು ಒಂದೋ ಎರಡೋ? ನಾನೇ ನೋಡಿ ತಿಳಿದುಕೊಳ್ಳಲು ಏನಾದರೂ ದಾರಿ ಇದೆಯೇ? ಮುಂದಿನ ಮಂಗಳೂರು ಪ್ರಯಾಣ 16ನೇ ತಾರೀಖು.

ಮೂಡಿಗೆರೆ_ಜೀಪು · ಜುಲೈ 6

ಬ್ಲೋವರ್ ರೆಸಿಸ್ಟರ್, ಅಂದರೆ ಕರೆಂಟ್ ತಡೆದು ಫ್ಯಾನಿನ ಸ್ಪೀಡ್ ಕಡಿಮೆ ಮಾಡುವ ಭಾಗ, ಹೋಗಿದೆ ಮೇಡಂ, ಅನುಮಾನವೇ ಬೇಡ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ರೆಸಿಸ್ಟರ್ ಮೇಲೆ ಒಂದು ಸಣ್ಣ ಫ್ಯೂಸ್ ಇರುತ್ತದೆ. ನಮ್ಮ ಮೆಕ್ಯಾನಿಕ್ ಅದನ್ನು ಕಿತ್ತು ಆ ಜಾಗಕ್ಕೆ ತಾಮ್ರದ ವೈರ್ ಹಾಕಿ ಬೆಸುಗೆ ಮಾಡಿಕೊಟ್ಟ. 100 ರೂಪಾಯಿಯಲ್ಲಿ ಮುಗಿಯಿತು. ಒಂದು ವರ್ಷದಿಂದ ಓಡುತ್ತಿದೆ.

ಹೀಟರ್ ಬಗ್ಗೆ ಹೇಳುವುದಾದರೆ, ಮೊದಲು ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಎಷ್ಟಿದೆ ನೋಡಿ. ನನ್ನದರಲ್ಲಿ ಗಾಡಿ ಓಡುವಾಗ ಬಿಸಿ ಬರುತ್ತಿತ್ತು, ನಿಂತಾಗ ತಣ್ಣಗಾಗುತ್ತಿತ್ತು. ನೋಡಿದರೆ ರೇಡಿಯೇಟರ್‌ನಲ್ಲಿ ಒಂದೂವರೆ ಲೀಟರ್ ಕಡಿಮೆ. ತುಂಬಿಸಿದ ಮೇಲೆ ಸರಿಯಾಯಿತು. ಸೋರಿಕೆ ವಾಟರ್ ಪಂಪ್‌ನಲ್ಲಿತ್ತು, ಅದು ಗೊತ್ತಾದದ್ದು ಆಮೇಲೆ.

ಹಾಸನ_ಆಟೋ_ಎಲೆಕ್ಟ್ರಿಕ್ · ಜುಲೈ 7

ಮೇಡಂ, ನಾನು 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕಾರಿನಲ್ಲಿ ಕೆಟ್ಟಿರುವುದು ಒಂದಲ್ಲ, ಎರಡು. ಬ್ಲೋವರ್ ಬೇರೆ, ಹೀಟರ್ ಬೇರೆ. ಎರಡನ್ನೂ ಸೇರಿಸಿ ಪೂರ್ತಿ ಯೂನಿಟ್ ಬದಲಿಸಿ ಅಂದವರ ಮಾತು ಈಗಲೇ ಕೇಳಬೇಡಿ.

ಮೊದಲು ಒಂದು ಮಾತು ಜೀಪು ಅಣ್ಣನಿಗೆ. ದಯವಿಟ್ಟು ಆ ವೈರ್ ಇವತ್ತೇ ತೆಗೆಸಿ. ರೆಸಿಸ್ಟರ್ ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯಲಿ ಅಂತಲೇ ಆ ಫ್ಯೂಸ್ ಇಟ್ಟಿರುವುದು. ಅದು ಇಲ್ಲದಿದ್ದರೆ ಬಿಸಿ ನಿಲ್ಲುವುದಿಲ್ಲ, ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ ಮತ್ತು ಫೋಮ್. ಡ್ಯಾಶ್‌ಬೋರ್ಡ್ ಒಳಗೆ ಬೆಂಕಿ ಹತ್ತಿದ ಎರಡು ಗಾಡಿ ನನ್ನ ಕಣ್ಣಾರೆ ನೋಡಿದ್ದೇನೆ. ಒಂದು ವರ್ಷ ಏನೂ ಆಗಿಲ್ಲ ಅಂದರೆ ಮುಂದೆಯೂ ಆಗುವುದಿಲ್ಲ ಅಂತಲ್ಲ.

ಈಗ ನಿಮ್ಮದು. 1, 2, 3ರಲ್ಲಿ ಕರೆಂಟು ರೆಸಿಸ್ಟರ್ ದಾಟಿಕೊಂಡೇ ಮೋಟಾರಿಗೆ ಹೋಗಬೇಕು. 1ರಲ್ಲಿ ತಡೆ ಜಾಸ್ತಿ, 3ರಲ್ಲಿ ಕಡಿಮೆ. 4ರಲ್ಲಿ ಮಾತ್ರ ರೆಸಿಸ್ಟರ್ ಬಿಟ್ಟು ನೇರ ಹೋಗುತ್ತದೆ. 4 ಚೆನ್ನಾಗಿದೆ ಅಂದರೆ ಮೋಟಾರ್ ತಿರುಗುತ್ತಿದೆ, ಮೇನ್ ಫ್ಯೂಸ್ ಇದೆ. ಹೋಗಿರುವುದು ರೆಸಿಸ್ಟರ್. ಜೀಪು ಅಣ್ಣ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಆದರೆ ರೆಸಿಸ್ಟರ್ ಸುಮ್ನೆ ಸುಡುವುದಿಲ್ಲ. ಅದನ್ನು ಗಾಳಿ ಹೋಗುವ ದಾರಿಯಲ್ಲೇ ಕೂರಿಸಿರುತ್ತಾರೆ, ಬ್ಲೋವರ್ ಗಾಳಿಯೇ ಅದನ್ನು ತಂಪು ಮಾಡಬೇಕು. ಕಸ ತುಂಬಿ ಗಾಳಿ ಕಡಿಮೆಯಾದರೆ ಅದು ಬೇಯುತ್ತದೆ. ಮೋಟಾರ್ ಬಿಗಿಯಾಗಿ ತಿರುಗಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಆಗಲೂ ಬೇಯುತ್ತದೆ. ಹೊಸ ರೆಸಿಸ್ಟರ್ ಹಾಕಿ ಕಾರಣ ಹುಡುಕದೆ ಬಿಟ್ಟರೆ ಆರು ತಿಂಗಳಿಗೆ ಮತ್ತೆ ಬರುತ್ತೀರಿ. ಹಾಗಾಗಿ ರೆಸಿಸ್ಟರ್ ಬದಲಿಸುವವರಿಗೆ ಮೋಟಾರನ್ನೂ ಇಳಿಸಿ ನೋಡಲು ಹೇಳಿ. ಗ್ಲೋವ್ ಬಾಕ್ಸ್ ಕೆಳಗೆ ಕೈ ಹಾಕಿದರೆ ಸಿಗುತ್ತದೆ, ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೂರು ಸ್ಕ್ರೂ ಅಷ್ಟೇ. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಹಗುರವಾಗಿ ಸುತ್ತಿ ತಾನಾಗಿ ನಿಲ್ಲಬೇಕು. ತಡೆದು ತಡೆದು ನಿಂತರೆ ಮೋಟಾರ್ ಸೋತಿದೆ. ರೆಸಿಸ್ಟರ್‌ಗೆ ಹೋಗುವ ಕನೆಕ್ಟರ್ ಕೂಡ ನೋಡಬೇಕು. ನಿಮಗೆ ಬಂದ ಸುಟ್ಟ ವಾಸನೆ ಅದರದ್ದೇ ಇರಬಹುದು. ಕರಗಿದ್ದರೆ ಅದನ್ನೂ ಬದಲಿಸಬೇಕು, ಹಳೆಯದಕ್ಕೇ ಒತ್ತಿ ಕೂರಿಸಬಾರದು.

ಬೇರೆಯವರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ. ಯಾವ ಸ್ಪೀಡಿನಲ್ಲೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಮೋಟಾರ್ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಲ್ಯಾಂಪ್ ಹತ್ತಿಯೂ ಮೋಟಾರ್ ತಿರುಗದಿದ್ದರೆ ಮೋಟಾರ್ ಹೋಗಿದೆ. ಮೋಟಾರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಲು ಶುರುವಾದರೆ ಕಾರ್ಬನ್ ಬ್ರಷ್ ಸವೆದಿದೆ ಅಂತ ಅರ್ಥ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ಯಾವತ್ತೂ ಹಾಕಬೇಡಿ. ಆಟೋಮ್ಯಾಟಿಕ್ ಏಸಿ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಈ ರೆಸಿಸ್ಟರ್ ಇರುವುದಿಲ್ಲ, ಅದರ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಲ್ಲಿ ಲೆಕ್ಕ ಬೇರೆ.

ಹೀಟರ್‌ಗೆ ಒಂದು ಪರೀಕ್ಷೆ ನೀವೇ ಮಾಡಬಹುದು. ಹೀಟರ್ ಅಂದರೆ ಕರೆಂಟಿನದ್ದಲ್ಲ. ಎಂಜಿನ್‌ನ ಬಿಸಿ ಕೂಲಂಟೇ ಡ್ಯಾಶ್‌ಬೋರ್ಡ್ ಒಳಗಿನ ಒಂದು ಸಣ್ಣ ರೇಡಿಯೇಟರಿಗೆ ಹೋಗಿ ಬರುತ್ತದೆ. ನಾವು ಅದಕ್ಕೆ ಹೀಟರ್ ಕಾಯಿಲ್ ಅನ್ನುತ್ತೇವೆ. 20 ನಿಮಿಷ ಓಡಿಸಿ, ಗುಂಡಿ ಪೂರ್ತಿ ಕೆಂಪಿನಲ್ಲಿಡಿ. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬಾನೆಟ್ ಎತ್ತಿ. ಕೀ ತೆಗೆಯುವುದು ಮುಖ್ಯ, ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು, ಸೆರಗು, ಜಡೆ ಜೋಪಾನ. ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಎಂಜಿನ್‌ನಿಂದ ಹಿಂದಿನ ಗೋಡೆಯ ಕಡೆಗೆ, ಅಂದರೆ ಡ್ಯಾಶ್‌ಬೋರ್ಡ್ ಕಡೆಗೆ ಎರಡು ರಬ್ಬರ್ ಪೈಪ್ ಹೋಗಿರುತ್ತವೆ, ಹೆಬ್ಬೆರಳಿನಷ್ಟು ದಪ್ಪ. ಬೆರಳಿನ ಹಿಂಭಾಗದಿಂದ ಮೆಲ್ಲಗೆ ಮುಟ್ಟಿ.

ಎರಡೂ ಬಿಸಿ ಇದ್ದರೆ ಕಾಯಿಲ್ ಚೆನ್ನಾಗಿದೆ, ಗಾಳಿಯನ್ನು ಕಾಯಿಲ್ ಕಡೆಗೆ ತಿರುಗಿಸುವ ಒಳಗಿನ ಫ್ಲಾಪ್ ತಿರುಗುತ್ತಿಲ್ಲ. ಒಂದು ಬಿಸಿ ಒಂದು ತಣ್ಣಗೆ ಇದ್ದರೆ ಕಾಯಿಲ್ ಕಟ್ಟಿಕೊಂಡಿದೆ, ಇಲ್ಲವೇ ಮಧ್ಯದ ವಾಲ್ವ್ ಮುಚ್ಚಿದೆ. ಎರಡೂ ತಣ್ಣಗಿದ್ದರೆ ಕೂಲಂಟ್ ಕಡಿಮೆ, ಇಲ್ಲವೇ ಏರ್ ಲಾಕ್ (ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು), ಇಲ್ಲವೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್). ಘಾಟಿ ಇಳಿಯುವಾಗ ಮುಳ್ಳು ಕೆಳಗೆ ಬರುತ್ತದೆ ಅಂದಿರಲ್ಲ, ಅದಕ್ಕೆ ನನಗೆ ಥರ್ಮೋಸ್ಟಾಟ್ ಮೇಲೆ ಅನುಮಾನ. ನೋಡಿ ಬರೆಯಿರಿ.

ಗಾಳಿಬೀಡು_ಟೀಚರ್ · ಜುಲೈ 9

ಅಣ್ಣ, ನೀವು ಹೇಳಿದ್ದನ್ನು ಪೇಪರಿನಲ್ಲಿ ಬರೆದುಕೊಂಡು ಮಾಡಿದೆ.

ಬ್ಲೋವರ್‌ಗೆ ನಮ್ಮ ಶಾಲೆಯ ಒಬ್ಬ ಹುಡುಗನ ಅಪ್ಪ ಬಂದಿದ್ದರು, ಅವರು ವೈರಿಂಗ್ ಕೆಲಸ ಮಾಡುತ್ತಾರೆ. ಗ್ಲೋವ್ ಬಾಕ್ಸ್ ಕೆಳಗಿನಿಂದ ಮೋಟಾರ್ ಇಳಿಸಿದರು. ಮೂರೇ ಸ್ಕ್ರೂ, ನೀವು ಹೇಳಿದ ಹಾಗೆ. ಒಳಗಿನಿಂದ ಎರಡು ಮುಷ್ಟಿ ಸಿಲ್ವರ್ ಓಕ್ ಎಲೆ ಬಂತು! ಜೊತೆಗೆ ಚಿಂದಿ ಮಾಡಿದ ಫೋಮ್, ಒಂದಷ್ಟು ಇಲಿ ಹಿಕ್ಕೆ. ನಾನು ದಿನಾ ಕಾರು ನಿಲ್ಲಿಸುವುದು ತೋಟದ ಅಂಚಿನ ಸಿಲ್ವರ್ ಓಕ್ ಮರದ ಕೆಳಗೆ. ವೈಪರ್ ಹತ್ತಿರದ ಜಾಲರಿಯಿಂದ ಎಲೆ ಒಳಗೆ ಇಳಿಯುತ್ತದೆ ಅಂತ ಅವರು ತೋರಿಸಿದರು. ಏಸಿ ಫಿಲ್ಟರ್ ಇರಬೇಕಾದ ಜಾಗ ಖಾಲಿ ಇತ್ತು. ಈ ಮಾಡೆಲ್‌ಗೆ ಕಂಪನಿಯಿಂದಲೇ ಬಂದಿರಲಿಲ್ಲವಂತೆ, ಜಾಗ ಮಾತ್ರ ಇದೆ.

ರೆಸಿಸ್ಟರ್ ಕಪ್ಪಾಗಿತ್ತು, ಕನೆಕ್ಟರಿನ ಒಂದು ಮೂಲೆ ಕರಗಿತ್ತು. ಎರಡನ್ನೂ ಮಡಿಕೇರಿಯಲ್ಲಿ ತಂದು ಹಾಕಿದರು, ಒಟ್ಟು 720 ರೂಪಾಯಿ. ಫ್ಯಾನ್ ಹಗುರವಾಗಿಯೇ ತಿರುಗುತ್ತದೆ. ಈಗ 1, 2, 3, 4 ನಾಲ್ಕೂ ಬರುತ್ತಿವೆ. 1ರಲ್ಲಿ ಬರುವ ಮೆಲುಗಾಳಿಯನ್ನು ಅನುಭವಿಸಿ ಎಷ್ಟು ಕಾಲವಾಗಿತ್ತು! ತುಂಬಾ ಸಂತೋಷವಾಯಿತು.

ಆದರೆ ಪೈಪ್ ವಿಷಯ ವಿಚಿತ್ರವಾಗಿದೆ. ಗೋಡೆಯ ಕಡೆಗೆ ಎರಡು ಪೈಪ್ ಹೋಗುತ್ತವೆ ಅಂದಿರಿ. ನನ್ನ ಕಾರಿನಲ್ಲಿ ಹೋಗುವುದೇ ಇಲ್ಲ. ಗೋಡೆಯಿಂದ ಎರಡು ಲೋಹದ ಮೂತಿ ಹೊರಗೆ ಬಂದಿವೆ, ತುಕ್ಕು ಹಿಡಿದು ಖಾಲಿ ಇವೆ. ಒಂದರೊಳಗೆ ಜೇಡ ಬಲೆ ಕಟ್ಟಿದೆ. ಎಂಜಿನ್ ಕಡೆಯಿಂದ ಬಂದ ರಬ್ಬರ್ ಪೈಪ್ ಒಂದು ಸುತ್ತು ಬಾಗಿ ಮತ್ತೆ ಎಂಜಿನ್ನಿಗೇ ಹೋಗಿ ಸೇರಿದೆ, ಎರಡು ಕಡೆ ಕ್ಲಿಪ್ ಹಾಕಿದ್ದಾರೆ. ಇದು ಹೀಗೇ ಇರಬೇಕೇ?

ಇನ್ನೊಂದು. ಎಡಗಡೆ ಸೀಟಿನ ಮುಂದೆ, ಹೊಸ ಮ್ಯಾಟ್ ಕೆಳಗೆ, ಕಾರ್ಪೆಟ್ ಮೇಲೆ ಹಳೆ ಕಲೆ ಇದೆ. ಮುಟ್ಟಿದರೆ ಸ್ವಲ್ಪ ಅಂಟುತ್ತದೆ.

ಎಡ್ಮಂಟನ್_ಶಿರಸಿ · ಜುಲೈ 9

ಟೀಚರ್, ನಿಮ್ಮ ಕೊನೆಯ ಎರಡು ಪ್ಯಾರಾ ಓದಿ ಗೊತ್ತಾಯಿತು. ನಿಮ್ಮ ಹೀಟರ್ ಬರೀ ಕೆಟ್ಟು ನಿಂತಿದ್ದಲ್ಲ, ಅದರ ಸಂಪರ್ಕವನ್ನೇ ಯಾರೋ ಕಡಿದುಹಾಕಿದ್ದಾರೆ. ಕಾಯಿಲ್ ಸೋರಿ ಕೂಲಂಟ್ ಕಾರ್ಪೆಟ್ ಮೇಲೆ ಬಿದ್ದಿದೆ. ಕಾಯಿಲ್ ಬದಲಿಸಲು ಡ್ಯಾಶ್‌ಬೋರ್ಡ್ ಬಿಚ್ಚಬೇಕಲ್ಲ ಅಂತ ಪೈಪ್ ಎರಡನ್ನೂ ತೆಗೆದು ಸುತ್ತಿಸಿ ಜೋಡಿಸಿದ್ದಾರೆ. ಅಂಟು ಅಂಟಾಗಿರುವುದು ಕೂಲಂಟಿನ ಗುರುತು. ಏಸಿ ನೀರು ಬಿದ್ದಿದ್ದರೆ ಒಣಗಿದ ಮೇಲೆ ಅಂಟುವುದಿಲ್ಲ.

ನಾನು ಶಿರಸಿಯವನು, ಹನ್ನೊಂದು ವರ್ಷದಿಂದ ಕೆನಡಾದ ಎಡ್ಮಂಟನ್‌ನಲ್ಲಿದ್ದೇನೆ. ಇಲ್ಲಿ ಜನವರಿಯಲ್ಲಿ ಮೈನಸ್ 30 ಆಗುವುದುಂಟು. ರಾತ್ರಿ ಎಂಜಿನ್ ತಣ್ಣಗಾಗದಿರಲಿ ಅಂತ ಬ್ಲಾಕ್ ಹೀಟರ್‌ಗೆ ಕರೆಂಟ್ ಪ್ಲಗ್ ಹಾಕಿ ಮಲಗುತ್ತೇವೆ. ಹೀಟರ್ ಇಲ್ಲದ ಕಾರು ಇಲ್ಲಿ ಪ್ರಾಣಕ್ಕೇ ಅಪಾಯ. ಹಾಗಾಗಿ ನನಗೆ ಈ ವಿಷಯ ಬಹಳ ಹತ್ತಿರದ್ದು.

ನಾನು ಬಂದ ಎರಡನೇ ಚಳಿಗಾಲದಲ್ಲಿ ನನ್ನ ಹಳೆ ಕಾರಿನಲ್ಲಿ ಬಿಸಿ ಕಡಿಮೆಯಾಗುತ್ತಾ ಬಂತು. ಮಗಳು ಆಗ ಐದು ತಿಂಗಳ ಕೂಸು. ಪೈಪ್ ಮುಟ್ಟಿ ನೋಡಿದರೆ ಒಂದು ಸುಡುತ್ತಿತ್ತು, ಇನ್ನೊಂದು ಉಗುರುಬೆಚ್ಚಗೆ. ಕಾಯಿಲ್ ಕಟ್ಟಿಕೊಂಡಿತ್ತು. ಎರಡೂ ಪೈಪ್ ಬಿಚ್ಚಿ, ತೋಟದ ಪೈಪಿನಿಂದ ನೀರನ್ನು ಉಲ್ಟಾ ದಿಕ್ಕಿನಲ್ಲಿ, ಮೆಲ್ಲಗೆ ಬಿಟ್ಟೆ. ಕೆಸರಿನಂಥ ಕಂದು ನೀರು ಹತ್ತು ನಿಮಿಷ ಬಂತು, ಆಮೇಲೆ ತಿಳಿಯಾಯಿತು. ಹೊಸ ಕೂಲಂಟ್ ಹಾಕಿದೆ. ಅವತ್ತು ಸಂಜೆ ಮಗಳ ಕೈಗವಸು ತೆಗೆದು ಕಾರಿನಲ್ಲಿ ಕೂರಿಸಿದ್ದು ಈಗಲೂ ನೆನಪಿದೆ.

ಕಾಯಿಲ್ ಯಾಕೆ ಕಟ್ಟುತ್ತದೆ, ಯಾಕೆ ತೂತಾಗುತ್ತದೆ? ಹೆಚ್ಚಿನ ಸಲ ಕೂಲಂಟ್ ಬದಲು ಬರೀ ನೀರು ಹಾಕಿ ಓಡಿಸಿದ್ದೇ ಕಾರಣ. ಬೋರ್‌ವೆಲ್ ಗಡಸು ನೀರಾದರೆ ಇನ್ನೂ ಬೇಗ. ಒಳಗೆ ಸುಣ್ಣ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ನಿಮ್ಮ ಕಾರು ಹಿಂದೆ ಹೇಗೆ ಓಡಿತ್ತೋ ನಮಗೆ ಗೊತ್ತಿಲ್ಲ, ಇನ್ನು ಮುಂದೆ ಡಬ್ಬಿಯಲ್ಲಿ ಬರುವ ಕೂಲಂಟನ್ನೇ ಹಾಕಿಸಿ.

ಗಾಜಿನ ಬಗ್ಗೆ ಹೇಳುತ್ತೇನೆ, 16ಕ್ಕೆ ಮುಂಚೆ ಕೆಲಸ ಮುಗಿಯದಿದ್ದರೂ ಉಪಯೋಗಕ್ಕೆ ಬರುತ್ತದೆ. ಏಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಬಹುದು, ಹಾಕಬೇಕು ಕೂಡ. ಏಸಿಯು ಗಾಳಿಯಲ್ಲಿರುವ ತೇವವನ್ನು ನೀರು ಮಾಡಿ ಹೊರಗೆ ಬಿಡುತ್ತದೆ. ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿಯಾದ ಒಣ ಗಾಳಿ ಗಾಜಿನ ತೇವವನ್ನು ಬೇಗ ಹೀರುತ್ತದೆ. ನಿಮಗೆ ಈಗ ಅರ್ಧ ಮಾತ್ರ ಸಿಗುತ್ತಿದೆ, ಅದಕ್ಕೇ ಅಮ್ಮನಿಗೆ ಚಳಿ. ಗಾಳಿಯ ಗುಂಡಿ ಹೊರಗಿನ ಗಾಳಿ ಬರುವ ಕಡೆಗಿರಲಿ. ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟರೆ ನಿಮ್ಮಿಬ್ಬರ ಉಸಿರಿನ ತೇವವೆಲ್ಲ ಗಾಜಿಗೇ ಬರುತ್ತದೆ. ಅವತ್ತು ಬೆಳಗ್ಗೆ ಅದು ಎಲ್ಲಿತ್ತು ಅಂತ ಒಮ್ಮೆ ನೆನಪಿಸಿಕೊಳ್ಳಿ.

ಒಳಗಿನ ಗಾಜನ್ನು ಚೆನ್ನಾಗಿ ಒರೆಸಿ ಇಡಿ, ಕೊಳೆ ಇದ್ದರೆ ಆವಿ ಬೇಗ ಕಟ್ಟುತ್ತದೆ. ಒದ್ದೆ ಕೊಡೆ, ಒದ್ದೆ ಮ್ಯಾಟ್ ಒಳಗೆ ಬೇಡ. ಇಲ್ಲಿ ನಾವು ಶೂಗೆ ಅಂಟಿದ ಹಿಮವನ್ನು ತಂದು ಅದೇ ತಪ್ಪು ಮಾಡುತ್ತೇವೆ. ಕೆಲವೊಮ್ಮೆ ಆವಿ ಕಟ್ಟುವುದು ಗಾಜಿನ ಹೊರಗಡೆ. ಏಸಿಯಿಂದ ಗಾಜು ಅತಿಯಾಗಿ ತಣ್ಣಗಾದಾಗ ಹಾಗಾಗುತ್ತದೆ. ವೈಪರ್ ಹಾಕಿದಾಗ ಹೋದರೆ ಅದು ಹೊರಗಿನದು, ಆಗ ಏಸಿ ಗಾಳಿಯನ್ನು ಗಾಜಿನ ಕಡೆಯಿಂದ ತಿರುಗಿಸಿ.

ಹಾಸನ_ಆಟೋ_ಎಲೆಕ್ಟ್ರಿಕ್ · ಜುಲೈ 10

ಎಡ್ಮಂಟನ್ ಅಣ್ಣ ಹೇಳಿದ್ದು ಸರಿ. ಬೈಪಾಸ್ ಮಾಡಿದ್ದಾರೆ. ಬಯಲುಸೀಮೆಯಿಂದ ಬರುವ ಗಾಡಿಗಳಲ್ಲಿ ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಸಿಲೂರಿನಲ್ಲಿ ಹೀಟರ್ ಕೇಳುವವರಿಲ್ಲ, ಆದ್ದರಿಂದ ಮಾಡಿದವರಿಗೆ ಅದು ತಪ್ಪು ಅನ್ನಿಸಿರಲಿಕ್ಕಿಲ್ಲ. ಆದರೆ ಗಾಡಿ ಮಾರುವಾಗ ಹೇಳಬೇಕಿತ್ತು. ಘಾಟಿ ರಸ್ತೆಯಲ್ಲಿ ಹೀಟರ್ ಎಂದರೆ ಬ್ರೇಕಿನಷ್ಟೇ ಬೇಕಾದದ್ದು. ನಿಮ್ಮ ಮಂಗಳವಾರದ ವಿಷಯ ಓದಿ ನನಗೆ ಬೇಸರವಾಯಿತು ಮೇಡಂ.

ಮುಳ್ಳಿನ ವಿಷಯ ಬಿಡಬೇಡಿ. ಬೈಪಾಸ್ ಮಾಡಿದ ಕೈಯೇ ಥರ್ಮೋಸ್ಟಾಟನ್ನೂ ತೆಗೆದಿರುತ್ತದೆ ಅಂತ ನನ್ನ ಊಹೆ. "ತೆಗೆದರೆ ಎಂಜಿನ್ ತಂಪಾಗಿರುತ್ತದೆ" ಅನ್ನುವ ನಂಬಿಕೆ ನಮ್ಮ ಕಡೆ ಬಹಳ ಇದೆ. ಥರ್ಮೋಸ್ಟಾಟ್ ಇದ್ದರೆ ಕೂಲಂಟ್ 82 ರಿಂದ 88 ಡಿಗ್ರಿ ಆಗುವವರೆಗೆ ರೇಡಿಯೇಟರಿಗೆ ಹೋಗುವುದಿಲ್ಲ. ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ಹೋಗುತ್ತದೆ. ಮಡಿಕೇರಿಯ ಜುಲೈ ಚಳಿಯಲ್ಲಿ, ಇಳಿಜಾರಿನಲ್ಲಿ, ಎಂಜಿನ್ ಬಿಸಿಯಾಗುವುದೇ ಇಲ್ಲ. ಎಂಜಿನ್ ತಣ್ಣಗಿದ್ದಷ್ಟೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಿಮ್ಮ ಮೈಲೇಜ್ ಎಷ್ಟು ಬರುತ್ತಿದೆ ನೋಡಿ. ಹೊಸ ಕಾಯಿಲ್ ಹಾಕಿ ಥರ್ಮೋಸ್ಟಾಟ್ ಹಾಕದೆ ಬಿಟ್ಟರೆ ಬೆಚ್ಚಗೆ ಬರುತ್ತದೆ, ಬಿಸಿ ಬರುವುದಿಲ್ಲ. ಎರಡನ್ನೂ ಒಂದೇ ಸಲ ಮಾಡಿಸಿ. ಹಾಕುವ ಮುಂಚೆ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಒಲೆಯ ಮೇಲಿಟ್ಟು ನೋಡಬಹುದು. ನೀರು ಕುದಿ ಬರುವಷ್ಟರಲ್ಲಿ ಬಾಯಿ ತೆರೆಯಬೇಕು, ಆರಿದಾಗ ಮುಚ್ಚಬೇಕು.

ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ ಕಾಯಿಲ್ ನಿಜವಾಗಿ ತೂತಾಗಿದೆಯೇ ನೋಡಿ. ಸೋರಿದ್ದು ಪೈಪಿನ ಸಂದಿಯೂ ಇರಬಹುದು. ಒಂದು ಮೂತಿಯನ್ನು ರಬ್ಬರ್ ಬಿರಡೆ, ಕ್ಲಿಪ್ ಹಾಕಿ ಬಂದ್ ಮಾಡಿ. ಇನ್ನೊಂದಕ್ಕೆ ತುಂಡು ಪೈಪ್ ಮತ್ತು ಟ್ಯೂಬ್ ವಾಲ್ವ್ ಕೂರಿಸಿ, ಮೀಟರ್ ಇರುವ ಸೈಕಲ್ ಪಂಪಿನಿಂದ 15 ಪೌಂಡ್ ಗಾಳಿ ಹಾಕಿ. ರೇಡಿಯೇಟರ್ ಮುಚ್ಚಳ ತಡೆಯುವುದು ಹೆಚ್ಚು ಕಡಿಮೆ ಅಷ್ಟೇ. ಅರ್ಧ ಗಂಟೆ ಮುಳ್ಳು ನಿಂತರೆ ಕಾಯಿಲ್ ಗಟ್ಟಿ. ಇಳಿದರೆ ತೂತು. ಗ್ಯಾರೇಜ್ ಕಂಪ್ರೆಸರ್ ಹಿಡಿಯಲು ಬಿಡಬೇಡಿ, ಒಳ್ಳೆಯ ಕಾಯಿಲ್ ಕೂಡ ಒಡೆಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಏರ್ ಲಾಕ್ ತೆಗೆಯಬೇಕು. ಕಾರಿನ ಮೂತಿ ಮೇಲೆ ಇರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ತುಂಬಿಸಿ. ಹೀಟರ್ ಗುಂಡಿ ಪೂರ್ತಿ ಕೆಂಪಿಗೆ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿರಿ, ಕಡಿಮೆಯಾದಷ್ಟು ಸೇರಿಸಿ, ಮುಚ್ಚಳ ಹಾಕಿ ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗುವವರೆಗೆ ಓಡಲು ಬಿಡಿ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ. ಇದನ್ನು ಬಯಲಿನಲ್ಲೇ ಮಾಡಿ, ಬಾಗಿಲು ಹಾಕಿದ ಶೆಡ್‌ನಲ್ಲಿ ಬೇಡ. ಚಳಿ ಅಂತ ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ವಿಷ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ.

ಮೂಡಿಗೆರೆ_ಜೀಪು · ಜುಲೈ 11

ಹಾಸನದ ಅಣ್ಣ, ನಿನ್ನೆ ಆ ವೈರ್ ತೆಗೆಸಿದೆ. ಅದರ ಪಕ್ಕದ ಪ್ಲಾಸ್ಟಿಕ್ ಹಳದಿಯಾಗಿ ಗರಿಗರಿ ಆಗಿತ್ತು. ಹೊಸ ರೆಸಿಸ್ಟರ್ ಹಾಕಿಸಿದ್ದೇನೆ. ಮನೆಯವರೆಲ್ಲ ಅದೇ ಗಾಡಿಯಲ್ಲಿ ಓಡಾಡುತ್ತೇವೆ. ಹೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ.

ಗಾಳಿಬೀಡು_ಟೀಚರ್ · ಜುಲೈ 17

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ.

ಕುಶಾಲನಗರದಲ್ಲಿ ಒಬ್ಬ ಏಸಿ ಮೆಕ್ಯಾನಿಕ್ ಸಿಕ್ಕಿದರು. ನೀವು ಬರೆದದ್ದನ್ನು ಓದಿ ಹೇಳಿದೆ, ಅವರು ಪೂರ್ತಿ ಕೇಳಿಸಿಕೊಂಡರು. ಪಂಪ್ ಪರೀಕ್ಷೆ ಮಾಡಿದರು. ಮುಳ್ಳು ಎರಡು ನಿಮಿಷದಲ್ಲಿ ಸೊನ್ನೆಗೆ ಬಂತು. ಕಾಯಿಲ್ ತೂತಾಗಿಯೇ ಇತ್ತು. ಡ್ಯಾಶ್‌ಬೋರ್ಡ್ ಬಿಚ್ಚಿ ಹೊರಗೆ ತೆಗೆದಾಗ ನೋಡಿದೆ, ಕೆಳಗಿನ ಮೂಲೆಯಲ್ಲಿ ಬಿಳಿ ಸುಣ್ಣದ ಗಂಟು ಕಟ್ಟಿ ಪಕ್ಕದಲ್ಲೇ ಹಸಿರು ಕಲೆ ಇತ್ತು. ಥರ್ಮೋಸ್ಟಾಟ್ ಇರಬೇಕಾದ ಗೂಡು ತೆಗೆದರೆ ಒಳಗೆ ಏನೂ ಇಲ್ಲ. ಹಾಸನದ ಅಣ್ಣ, ನೀವು ಕಾರು ನೋಡದೆ ಹೇಗೆ ಹೇಳಿದಿರೋ! ಮೈಲೇಜ್ ಕೂಡ ಲೆಕ್ಕ ಹಾಕಿದೆ, 13ರ ಹತ್ತಿರ ಬರುತ್ತಿತ್ತು. ಮುಂದಿನ ಟ್ಯಾಂಕ್ ಮುಗಿದ ಮೇಲೆ ಮತ್ತೆ ಬರೆಯುತ್ತೇನೆ.

ಕಾಯಿಲ್, ಎರಡು ಹೊಸ ಪೈಪ್, ಥರ್ಮೋಸ್ಟಾಟ್, ಕೂಲಂಟ್, ಒಂದೂವರೆ ದಿನದ ಕೂಲಿ ಎಲ್ಲ ಸೇರಿ 7,400 ಆಯಿತು. ಫಿಲ್ಟರ್ ಕೂಡ ಹಾಕಿಸಿದೆ. ವೈಪರ್ ಹತ್ತಿರದ ಜಾಲರಿಯ ಕೆಳಗೆ ಅವರೇ ಸಣ್ಣ ತಂತಿ ಬಲೆ ಕೂರಿಸಿಕೊಟ್ಟರು. ಕಾರನ್ನು ಈಗ ಮರದ ಕೆಳಗೆ ನಿಲ್ಲಿಸುತ್ತಿಲ್ಲ.

ಎಡ್ಮಂಟನ್ ಅಣ್ಣ, ನೀವು ಕೇಳಿದ ಗುಂಡಿ ಆ ಮಂಗಳವಾರ ಒಳಗಿನ ಗಾಳಿಯ ಕಡೆಗೇ ಇತ್ತು. ಹೊರಗೆ ಮಳೆ ಇದೆ, ತೇವ ಒಳಗೆ ಬರಬಾರದು ಅಂತ ನಾನೇ ಹಾಗೆ ಇಟ್ಟಿದ್ದೆ. ನಮ್ಮ ಸ್ಟಾಫ್ ರೂಮಿನಲ್ಲಿ ಕಾರು ಓಡಿಸುವ ನಾಲ್ಕು ಜನರನ್ನು ಕೇಳಿದೆ, ಮೂವರು ಮಳೆಯಲ್ಲಿ ಹಾಗೇ ಇಡುತ್ತಾರೆ. ಎಲ್ಲರಿಗೂ ನೀವು ಬರೆದ ಪ್ಯಾರಾ ಓದಿ ಹೇಳಿದ್ದೇನೆ.

ನಿನ್ನೆ ಮಂಗಳೂರಿಗೆ ಹೋಗಿ ಬಂದೆವು. ಬೆಳಗ್ಗೆ ಐದಕ್ಕೆ ಹೊರಟಾಗ ಜೋರು ಮಳೆ. ಹತ್ತು ನಿಮಿಷಕ್ಕೆ ಮುಳ್ಳು ಮಧ್ಯಕ್ಕೆ ಬಂತು, ಘಾಟಿ ಇಳಿದು ಮುಗಿಯುವವರೆಗೂ ಅಲ್ಲೇ ನಿಂತಿತ್ತು. ಏಸಿ ಹಾಕಿ, ಗುಂಡಿ ಅರ್ಧ ಕೆಂಪಿಗೆ ಇಟ್ಟು, ಬ್ಲೋವರ್ 2ರಲ್ಲಿಟ್ಟೆ. ಗಾಜು ಅಂಚಿನಿಂದ ಅಂಚಿಗೆ ತಿಳಿಯಾಗಿತ್ತು. ಕೊಯನಾಡು ದಾಟುವಾಗ ಅಮ್ಮ ಶಾಲು ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡರು. ಸುಳ್ಯ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.